ಬಿಡಬಹುದು ಎಂದಿತ್ತು ಕಾನೂನು

ಹೋದ ತಿಂಗಳು ಮಡಿಕೇರಿಯಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ವಿಶೇಷ ಶಿಕ್ಷಕಿಯರಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದರು. ಮೈಕಿನ ಮುಂದೆ ನಿಂತಾಗ ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಯಿತು. ಮಕ್ಕಳನ್ನು ಪ್ರೀತಿಸಿ ಎಂದಷ್ಟೇ ಹೇಳಿ ಕೂತುಬಿಟ್ಟೆ. ಅದು ಎಲ್ಲರೂ ಹೇಳುವ ಮಾತು. ಊಟದ ಹೊತ್ತಿಗೆ ಒಬ್ಬಳು ಹುಡುಗಿ ಪಕ್ಕಕ್ಕೆ ಬಂದು, ನಿಮ್ಮ ಕಾಲದಲ್ಲಿ ಟ್ರೈನಿಂಗೇ ಇರಲಿಲ್ಲವಂತೆ ಮೇಡಂ, ಹೇಗೆ ಮಾಡಿದಿರಿ ಎಂದು ಕೇಳಿದಳು. ಅನ್ನ ಕಲಸುತ್ತ ಕೊಡುವಂಥ ಉತ್ತರ ಅದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು, ನಾನು ಕೆಲಸಕ್ಕೆ ಸೇರಿದಾಗ. ಕಕ್ಕಬೆಗೂ ಭಾಗಮಂಡಲಕ್ಕೂ ನಡುವೆ, ಕಾಡಿನ ಅಂಚಿನ ಒಂದು ಊರು. ಎರಡು ಕೋಣೆಯ ಶಾಲೆ, ಇಬ್ಬರೇ ಉಪಾಧ್ಯಾಯರು. ಹೆಡ್ ಮಾಸ್ಟರು ಪೊನ್ನಪ್ಪನವರು ಹಳೆಯ ಕೊಡಗು ಸರ್ಕಾರದ ಕಾಲದಿಂದ ಇದ್ದವರು. ಹೊಸ ಪಠ್ಯಪುಸ್ತಕ, ಹೊಸ ಸುತ್ತೋಲೆ, ಹೊಸ ಅಧಿಕಾರಿ ಏನೇ ಬರಲಿ, "ಮೈಸೂರಿಂದ ಬಂದದ್ದು" ಎಂದು ಹೇಳಿ ಮೀಸೆ ತಿರುವುತ್ತಿದ್ದರು. ಆ ಮೀಸೆಯ ವಿಷಯ ಮುಂದೆ ಬರುತ್ತದೆ.

ಹಾಗೆ ಬಂದ ಹೊಸದರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನೂ ಒಂದು. ಆರು ವರ್ಷ ತುಂಬಿದ ಮಗು ಶಾಲೆಗೆ ಬರಲೇಬೇಕು. ಉಪಾಧ್ಯಾಯರು ಮನೆಮನೆಗೆ ಹೋಗಿ ಮಕ್ಕಳನ್ನು ಬರೆದುಕೊಂಡು ಬರಬೇಕು. ನಾನು ಕೊಡೆ ಹಿಡಿದು ಹೊರಟೆ. ಜನ ನನ್ನನ್ನು ಸಿಡುಬಿನ ಚುಚ್ಚುಮದ್ದಿನವಳು ಎಂದುಕೊಂಡರು. ಒಂದು ಮನೆಯಲ್ಲಿ, ಕಾಫಿ ಒಣಗಿಸುವ ಕಣದಲ್ಲಿ ಸುತ್ತಿಟ್ಟ ಚಾಪೆಯ ಒಳಗೆ ಮಗುವನ್ನು ಬಚ್ಚಿಟ್ಟಿದ್ದರು. ನಾನು ವಾಪಸು ತಿರುಗುವಷ್ಟರಲ್ಲಿ ಚಾಪೆ ಸೀನಿತು.

ಕಾನೂನಿನಲ್ಲಿ ಬಿಡುವಿನ ಬಾಗಿಲೊಂದಿತ್ತು. ಅಂಗದೋಷವೋ ಬುದ್ಧಿಯ ದೋಷವೋ ಇದ್ದು ಶಾಲೆಗೆ ಬರಲಾರದ ಮಗುವಿಗೆ ವಿನಾಯಿತಿ ಕೊಡಬಹುದು. ತಕ್ಕ ವಿಶೇಷ ಶಾಲೆ ಹತ್ತಿರದಲ್ಲಿದ್ದರೆ ಆ ಮಾತು ಬೇರೆ. ನಮ್ಮ ಕೊಡಗಿನಲ್ಲಿ ವಿಶೇಷ ಶಾಲೆ ಎಂಬ ಮಾತನ್ನೇ ನಾವು ಕೇಳಿರಲಿಲ್ಲ. ಹಾಗಾಗಿ ಅಂಥ ಮಗು ಕಂಡರೆ ವಿನಾಯಿತಿ ಎಂದು ಬರೆದು ಮುಂದಿನ ಮನೆಗೆ ನಡೆಯುವುದೇ ರೂಢಿಯಾಯಿತು. ಮನೆಯವರಿಗೂ ಅದೇ ನೆಮ್ಮದಿ, ನಮಗೂ ಅದೇ ನೆಮ್ಮದಿ.

ಆ ಸುತ್ತಾಟದಲ್ಲೇ ನಾನು ಚೆನ್ನಮ್ಮಜ್ಜಿಯ ಮನೆ ಹೊಕ್ಕದ್ದು. ನಮ್ಮ ಹಾಗೆಯೇ ಅರೆಭಾಷೆ ಆಡುವ ಗೌಡರ ಮನೆ. ಗದ್ದೆ, ಸ್ವಲ್ಪ ಕಾಫಿ, ಏಲಕ್ಕಿ. ಅಣ್ಣತಮ್ಮಂದಿರು, ಸೊಸೆಯಂದಿರು ಎಲ್ಲ ಒಟ್ಟಿಗೆ. ಅಜ್ಜಿಯ ಕಿರಿಯ ಮಗ ಬೆಳ್ಯಪ್ಪನ ಹೆಂಡತಿ ತೀರಿಹೋಗಿದ್ದಳು. ಅವಳ ಒಬ್ಬಳೇ ಮಗಳು ಜಗಲಿಯ ಕಂಬಕ್ಕೆ ಒರಗಿ ನನ್ನ ಕೊಡೆಯನ್ನು ನೋಡುತ್ತಿದ್ದಳು. ಮನೆಯವರು ಅವಳನ್ನು ತೋರಿಸಿ, ಅದು ಮೂಗಿ, ಅದನ್ನು ಬರೆಯಬೇಡಿ ಎಂದರು. ಹೆಸರೇನು ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಅಜ್ಜಿ ಹೇಳಿದರು:

"ಹೆಸ್ರು ಉಟ್ಟು ಟೀಚರೆ. ಸೀತೆಂತ. ಕರ್ದರೆ ಕೇಳ್ದಿಲ್ಲೆ, ಮತ್ತೆ ಎಂತಕೆ ಕರಿಯೊದು?"

ಹೆಸರು ಇದೆ, ಕರೆದರೆ ಕೇಳುವುದಿಲ್ಲ, ಇನ್ನು ಯಾಕೆ ಕರೆಯುವುದು. ಅಜ್ಜಿ ಅದನ್ನು ದುಃಖದಿಂದಲೂ ಹೇಳಲಿಲ್ಲ. ಬಳಸದೆ ಅಟ್ಟದ ಮೇಲೆ ಇಟ್ಟ ಪಾತ್ರೆಯ ವಿಷಯ ಹೇಳುವಂತೆ ಹೇಳಿದರು. ನನಗೆ ಆ ಹೊತ್ತು ಏನಾಯಿತೋ, ವಿನಾಯಿತಿ ಎಂದು ಬರೆಯಲು ಕೈ ಬರಲಿಲ್ಲ. ಸೋಮವಾರ ಶಾಲೆಗೆ ಕರೆದುಕೊಂಡು ಬನ್ನಿ ಎಂದೆ. ಬೆಳ್ಯಪ್ಪ ನಕ್ಕ. ಅಜ್ಜಿ ನಗಲಿಲ್ಲ, ಸೋಮವಾರ ಅವಳ ತಲೆಗೆ ಎಣ್ಣೆ ಹಚ್ಚಿ, ಜಡೆ ಹೆಣೆದು ಕರೆತಂದರು.

ಸೀತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಆಮೇಲೆ ಏನು ಮಾಡಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಮೊದಲ ವಾರ ಗಟ್ಟಿಯಾಗಿ ಕೂಗಿದೆ. ಅವಳನ್ನು ಬಿಟ್ಟು ಮಿಕ್ಕ ಮಕ್ಕಳೆಲ್ಲ ಬೆಚ್ಚಿಬಿದ್ದರು, ಅಷ್ಟೆ. ಅವಳು ಮಾತ್ರ ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ನಾನು ಬೋರ್ಡಿನ ಕಡೆ ತಿರುಗಿದ ಕೂಡಲೇ ತಲೆ ತಗ್ಗಿಸುತ್ತಿದ್ದಳು. ಅದನ್ನು ನಾನು ಬೇಸರ ಎಂದುಕೊಂಡೆ. ಬಹಳ ದಿನಗಳ ಮೇಲೆ ಹೊಳೆಯಿತು: ನಾನು ಬೋರ್ಡಿಗೆ ಮುಖ ಮಾಡಿ ಪಾಠ ಹೇಳುತ್ತಿದ್ದೆ; ಅವಳ ಪಾಲಿಗೆ ಆ ಹೊತ್ತು ಶಾಲೆಯೇ ಮುಚ್ಚಿಹೋಗುತ್ತಿತ್ತು. ಅಂದಿನಿಂದ ಮೊದಲು ಬರೆದು, ಆಮೇಲೆ ತಿರುಗಿ ನಿಂತು ಹೇಳುವುದನ್ನು ಕಲಿತೆ. ಇವತ್ತಿಗೂ ಯಾರ ಜೊತೆಯಾದರೂ ಮಾತಾಡುವಾಗ ಮುಖ ತಿರುಗಿಸಲಾರೆ. ಬೆಳಕಿಗೆ ಬೆನ್ನು ಕೊಟ್ಟು ನಿಂತರೆ ಬಾಯಿ ಕಾಣದೆಂದು ಕಿಟಕಿಯ ಎದುರಿಗೇ ನಿಲ್ಲುವ ಅಭ್ಯಾಸವಾಯಿತು. ಇವನ್ನೆಲ್ಲ ನಿಮಗೆ ಟ್ರೈನಿಂಗಿನ ಮೊದಲ ದಿನವೇ ಹೇಳಿಕೊಡುತ್ತಾರಂತೆ. ಒಳ್ಳೆಯದಾಯಿತು.

ಹೀಗೆ ಒಂದೊಂದು ಪದವಾಗಿ ಸೀತೆ ನನ್ನ ತುಟಿ ಓದಲು ಕಲಿತಳು. ಆದರೆ ಪೊನ್ನಪ್ಪನವರು ಪಾಠಕ್ಕೆ ಬಂದರೆ ಕಲ್ಲಿನಂತೆ ಕೂರುತ್ತಿದ್ದಳು. ಅವರು ತಾಳ್ಮೆಯ ಮನುಷ್ಯ; ಮತ್ತೆ ಮತ್ತೆ ಹೇಳುತ್ತಿದ್ದರು. ಅವಳ ಕಣ್ಣು ಅವರ ಮುಖದ ಮೇಲೆಲ್ಲ ಓಡಾಡಿ ಸುಮ್ಮನಾಗುತ್ತಿತ್ತು. ನನ್ನಲ್ಲಿ ಏನು ತಪ್ಪು ಎಂದು ಅವರು ಕೇಳಿದಾಗ ಹೇಳಲು ನನಗೆ ಸಂಕೋಚ. ಅವರ ಮೀಸೆ ಮೇಲ್ತುಟಿಯನ್ನಷ್ಟೇ ಅಲ್ಲ, ಕೆಳತುಟಿಯನ್ನೂ ಮುಚ್ಚಿತ್ತು. ಹೇಗೋ ಹೇಳಿದೆ. ಅವರು ಕೊಡೆ ತೆಗೆದುಕೊಂಡು ಮನೆಗೆ ಹೋದರು.

ಮರುದಿನ ಶಾಲೆಗೆ ಬಂದವರನ್ನು ಮಕ್ಕಳು ಗುರುತಿಸಲಿಲ್ಲ. ಮೀಸೆಯನ್ನು ಪೂರ್ತಿ ಬೋಳಿಸಿದ್ದರು.

ನಮ್ಮ ಕಡೆ ಗಂಡಸು ಮೀಸೆ ತೆಗೆಯುವುದು ತಂದೆ ತಾಯಿ ಸತ್ತಾಗ. ಊರಿಗೆ ಊರೇ ಗಾಬರಿಯಾಯಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಸೈಕಲ್ಲಿನಿಂದ ಇಳಿದು, ಯಾವಾಗ ಆಯ್ತು ಮಾಸ್ಟ್ರೇ, ನಮಗೆ ಸುದ್ದಿಯೇ ಬರಲಿಲ್ಲವಲ್ಲ ಎಂದು ಕೈ ಹಿಡಿದುಕೊಂಡರು. ಇಬ್ಬರು ಹೆಂಗಸರು ಅವರ ಮನೆಗೇ ಹೋದರಂತೆ, ಸಾವಿನ ಮನೆಗೆ ಹೋಗುವ ಮುಖ ಮಾಡಿಕೊಂಡು. ಅಲ್ಲಿ ಅವರ ತಂದೆ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಬೆಳಿಗ್ಗೆ ಮಗ ಹಿಂಬಾಗಿಲಿನಿಂದ ಹೋದದ್ದು ಯಾಕೆಂದು ಆ ಮುದುಕರಿಗೆ ಆಗ ಗೊತ್ತಾಯಿತು. ಸಂಜೆ ನಡೆದದ್ದನ್ನು ಪೊನ್ನಪ್ಪನವರೇ ನನಗೆ ಹೇಳಿದರು. ತಂದೆ ಬಾಗಿಲಲ್ಲೇ ತಡೆದರಂತೆ.

"ನಾ ಇನ್ನೂ ಸತ್ತಿಲ್ಲೆ. ಯಾರಿಗೆ ಬೇಕಾಗಿ ಮೀಸೆ ತೆಗ್ದೆ ನೀನು?"

"ಶಾಲೆಲಿ ಒಂದು ಗೂಡೆಗೆ ನನ್ನ ಬಾಯಿ ಕಾಣೊಕು ಅಪ್ಪ."

ಗೂಡೆ ಎಂದರೆ ನಮ್ಮಲ್ಲಿ ಹುಡುಗಿ. ಒಂದು ಹುಡುಗಿಗೆ ಬಾಯಿ ಕಾಣಬೇಕೆಂದು ಮೀಸೆ ತೆಗೆದ ಮಗನ ಜೊತೆ ಆ ಮುದುಕರು ಎರಡು ದಿನ ಮಾತು ಬಿಟ್ಟರು. ಆಮೇಲೆ ಕೋಲೂರಿಕೊಂಡು ಶಾಲೆಗೇ ಬಂದರು. ಯಾವ ಗೂಡೆ ಎಂದು ಕೇಳಿ, ಸೀತೆಯ ಎದುರು ಬೆಂಚಿನ ಮೇಲೆ ಕೂತರು. ಅವರದ್ದು ಮಗನಿಗಿಂತ ದೊಡ್ಡ ಮೀಸೆ, ಬೆಳ್ಳಗೆ. ಸೀತೆ ಅವರ ಮುಖವನ್ನು ನೋಡಿದಳು, ಹುಡುಕಿದಳು, ನನ್ನ ಕಡೆ ತಿರುಗಿದಳು. ಆಗ ಆ ಮುದುಕರು ಎಡಗೈಯ ಎರಡು ಬೆರಳಿಂದ ಮೀಸೆಯನ್ನು ಮೇಲಕ್ಕೆ ಎತ್ತಿ ಹಿಡಿದು, ಮೆಲ್ಲಗೆ, "ಸೀತೆ" ಎಂದರು.

ಅವಳು ನಕ್ಕಳು. ತನ್ನ ಎದೆ ಮುಟ್ಟಿಕೊಂಡು ತೋರಿಸಿದಳು.

ಪೊನ್ನಪ್ಪನವರು ನಿವೃತ್ತರಾಗುವವರೆಗೂ ಮತ್ತೆ ಮೀಸೆ ಬೆಳೆಸಲಿಲ್ಲ. ತಂದೆ ತೀರಿಕೊಂಡಾಗ ತೆಗೆಯಲು ಮೀಸೆಯೇ ಇರಲಿಲ್ಲ.

ಇನ್ನು ಇನ್ಸ್‌ಪೆಕ್ಟರ ವಿಷಯ. ನಂಜುಂಡಯ್ಯನವರೆಂದು, ಮೈಸೂರು ಸೀಮೆಯವರು. ಕೋಟು, ಪೇಟ, ಮಾತಿನಲ್ಲಿ ಒಂದು ಬಿಗಿ. ತನಿಖೆಗೆ ಬಂದ ದಿನ ಅವರು ಕೇಳಿದ ಮೊದಲ ಪ್ರಶ್ನೆಯೇ ಸೀತೆಗೆ. ಅವಳು ಅವರ ಪೇಟ ನೋಡುತ್ತ ಕೂತಿದ್ದಳು. ಎರಡನೆಯ ಸಲ ಕೇಳಿದರು. ಮೂರನೆಯ ಸಲ ಅವರ ದನಿ ಏರಿತು. ನಾನು ಎದ್ದು, ಮಗುವಿಗೆ ಕಿವಿ ಕೇಳುವುದಿಲ್ಲ ಎಂದೆ. ಹಾಗಾದರೆ ವಿನಾಯಿತಿ ಯಾಕೆ ಬರೆದಿಲ್ಲ, ಕಾನೂನಿನಲ್ಲಿ ಅವಕಾಶ ಇದೆಯಲ್ಲ, ಫೇಲಾದರೆ ನಿಮ್ಮ ಶಾಲೆಯ ಫಲಿತಾಂಶಕ್ಕೇ ಏಟು ಎಂದು ಅವರು ಗದರಿದರು. ಪೊನ್ನಪ್ಪನವರು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: ಅವಳಿಗೆ ಬರುವುದಿಲ್ಲ ಎಂದು ಬರೆಯಲು ನಾನಿನ್ನೂ ಕಲಿಸಿ ಮುಗಿಸಿಲ್ಲ ಸಾರ್. ಆಗ ನನ್ನದು ಖಾಯಂ ಕೆಲಸವೂ ಅಲ್ಲ.

ಅವರು ತಮ್ಮ ಚೀಲದಿಂದ ಕಾನೂನಿನ ಪುಸ್ತಕ ತೆಗೆದು, ಕನ್ನಡಕ ಏರಿಸಿ, ಓದಲು ಕೂತರು. ಮಕ್ಕಳನ್ನು ಆಟಕ್ಕೆ ಬಿಡಿ ಎಂದರು. ನಾವಿಬ್ಬರು ನಿಂತೇ ಇದ್ದೆವು. ಹಿಂದಕ್ಕೂ ಮುಂದಕ್ಕೂ ಹಾಳೆ ತಿರುವಿ, ಕಡೆಗೆ ಪುಸ್ತಕ ಮಡಚಿದರು.

"ನೋಡಮ್ಮ, ಬಿಡಬಹುದು ಅಂತ ಇದೆ. ಬಿಡಲೇಬೇಕು ಅಂತ ಎಲ್ಲೂ ಇಲ್ಲ. ನೀನು ಕೂರಿಸ್ಕೋ. ಫಲಿತಾಂಶದ ಜವಾಬು ನಾನು ಕೊಟ್ಕೋತೀನಿ."

ನನ್ನ ನೌಕರಿಯಲ್ಲಿ ಬಂದು ಹೋದ ಮೇಲಧಿಕಾರಿಗಳಲ್ಲಿ ಕೆಲವರು ಹೊಗಳಿದರು, ಕೆಲವರು ಬೈದರು. ಕಾನೂನನ್ನು ಮಗುವಿನ ಕಡೆಯಿಂದ ಓದಿದವರು ಅವರೊಬ್ಬರೇ. ನಿಮ್ಮ ಕೈಗೆ ಈಗ ಒಳ್ಳೆಯ ಕಾನೂನುಗಳಿವೆ, ಮಗುವಿಗೆ ಹಕ್ಕಿದೆ ಎಂದೇ ಬರೆದಿದ್ದಾರೆ. ಆದರೂ ಹೇಳುತ್ತೇನೆ, ಯಾವ ಕಾನೂನನ್ನಾದರೂ ಕಡೆಯವರೆಗೆ ಓದಿ. ಅದು ಏನನ್ನು ಮಾಡು ಎನ್ನುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಏನನ್ನು ಬೇಡ ಎಂದಿಲ್ಲ ಎಂಬುದನ್ನು ನೀವೇ ಹುಡುಕಬೇಕು.

ಆ ಮಾತಿನ ಧೈರ್ಯದ ಮೇಲೆ ನಾನು ವಿನಾಯಿತಿ ಪಡೆದ ಮನೆಗಳಿಗೂ ಮತ್ತೆ ಹೋದೆ. ಒಬ್ಬ ಹುಡುಗನಿಗೆ ಜ್ವರ ಬಂದು ಒಂದು ಕಾಲು ಸೊರಗಿತ್ತು. ಪೋಲಿಯೊ ಎಂಬ ಹೆಸರು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೋಲು ಹಿಡಿದು ಅಂಗಳವೆಲ್ಲ ಓಡಾಡುತ್ತಿದ್ದ. ಶಾಲೆಗೆ ಯಾಕೆ ಬರುವುದಿಲ್ಲವೆಂದರೆ ನೀರು ಹರಿಯುವ ತೋಡಿನ ಮೇಲಿನ ಮರದ ಪಾಲ, ಎಂದರೆ ಸೇತುವೆ, ತೋರಿಸಿದ. ಒಂದೇ ದಿಮ್ಮಿ, ಹಿಡಿಯಲು ಏನೂ ಇಲ್ಲ. ದೋಷ ಇದ್ದದ್ದು ಅವನ ಕಾಲಿನಲ್ಲಲ್ಲ. ಊರಿನವರು ಇನ್ನೊಂದು ದಿಮ್ಮಿ ಹಾಕಿ, ಎರಡು ಕಡೆಗೂ ಬಿದಿರು ಕಟ್ಟಿದರು. ಮಾರನೆಯ ದಿನದಿಂದ ಅವನು ಬಂದ. ಅವನ ಜೊತೆ, ಕಾಲು ಸರಿಯಿದ್ದೂ ಪಾಲಕ್ಕೆ ಹೆದರಿ ಮನೆಯಲ್ಲಿದ್ದ ಮೂವರು ಬಂದರು.

ಸೀತೆ ನಮ್ಮಲ್ಲಿ ಓದಲು, ಬರೆಯಲು, ಕೂಡಲು ಕಲಿತಳು. ಆದರೆ ಅವಳು ಬೆಳೆಯುತ್ತ ಹೋದಂತೆ ನನಗೆ ಗೊತ್ತಿದ್ದದ್ದು ಮುಗಿಯುತ್ತ ಬಂತು. ಅವಳಿಗೆ ಪದಗಳು ಗೊತ್ತು, ಅವುಗಳನ್ನು ಯಾರೊಡನೆ ಆಡುವುದು? ಆಟದ ಹೊತ್ತಿನಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುವಾಗ ಅವಳು ಎಲ್ಲರ ಬಾಯಿಯನ್ನೂ ಒಟ್ಟಿಗೆ ನೋಡಲಾರದೆ ಸುಮ್ಮನೆ ಬಂದು ನನ್ನ ಪಕ್ಕ ನಿಲ್ಲುತ್ತಿದ್ದಳು. ನಂಜುಂಡಯ್ಯನವರಿಗೆ ಇದನ್ನು ಹೇಳಿದಾಗ, ಮೈಸೂರಿನಲ್ಲಿ ಕಿವುಡ ಮಕ್ಕಳಿಗೆಂದೇ ಒಂದು ಸಣ್ಣ ಶಾಲೆ ಇದೆ, ಹಾಸ್ಟೆಲೂ ಇದೆ ಎಂದು ವಿಚಾರಿಸಿ ತಿಳಿಸಿದರು.

ಬೆಳ್ಯಪ್ಪ ಒಪ್ಪಿದ. ಅಜ್ಜಿ ಒಪ್ಪಲಿಲ್ಲ. ನಾನು ಹೋಗಿ ಕೂತು, ಮಗುವಿನ ಭವಿಷ್ಯ, ಶಿಕ್ಷಣ ಎಂದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು:

"ಮತ್ತೆ ಬನ್ನೆಂತ ಗೂಡೆಗೆ ಹೇಂಗೆ ಹೇಳೊದು ಟೀಚರೆ?"

ಮತ್ತೆ ಬರುತ್ತೇನೆ ಎಂದು ಹುಡುಗಿಗೆ ಹೇಳುವುದು ಹೇಗೆ. ಬಾ, ಹೋಗು, ಅನ್ನ, ನೀರು, ಇವನ್ನು ತೋರಿಸಬಹುದು. ನಿನ್ನನ್ನು ಗೊತ್ತಿಲ್ಲದ ಊರಿನಲ್ಲಿ ಗೊತ್ತಿಲ್ಲದವರ ಜೊತೆ ಬಿಟ್ಟು ಹೋಗುತ್ತಿದ್ದೇವೆ, ಆದರೆ ಬಿಟ್ಟುಬಿಡುತ್ತಿಲ್ಲ, ರಜೆಗೆ ಬಂದು ಕರೆದುಕೊಂಡು ಹೋಗುತ್ತೇವೆ ಎಂಬುದನ್ನು ಹೇಗೆ ತೋರಿಸುವುದು? ಅವ್ವ ಹೋದವಳು ಮತ್ತೆ ಬಂದಿರಲಿಲ್ಲ. ಅದೂ ಅವಳಿಗೆ ಯಾರೂ ವಿವರಿಸಿ ಹೇಳಿದ ಸಂಗತಿಯಲ್ಲ. ಅಜ್ಜಿ ತೀರ್ಮಾನ ಹೇಳಿದರು: ಅದನ್ನು ಹೇಳಲು ಬರುವವರೆಗೆ ತಾನು ಅವಳನ್ನು ಬಿಟ್ಟು ಬರುವುದಿಲ್ಲ; ಗೂಡೆ ಹೋಗುವುದಾದರೆ ತಾನೂ ಹೋಗುವುದು.

ಬೆಳ್ಯಪ್ಪನಿಗೆ ಇದು ಅವಮಾನ. ಮುದಿ ತಾಯಿಯನ್ನು ಊರು ಬಿಡಿಸಿದ ಎಂದು ಜನ ಆಡಿಕೊಳ್ಳುತ್ತಾರೆ ಎಂದು ಕೂಗಾಡಿದ. ಅಜ್ಜಿ ಆ ಹೊತ್ತಿಗಾಗಲೇ ಸೀರೆ ಮಡಚುತ್ತಿದ್ದರು. ಮನೆ ನೋಡಿಕೊಳ್ಳಲು ಹಿರಿಸೊಸೆ ಇದ್ದಳು.

ವಿರಾಜಪೇಟೆಯಿಂದ ಬಸ್ಸು ಹಿಡಿದು, ಬೆಳ್ಯಪ್ಪನೂ ಸೇರಿ ನಾಲ್ವರೂ ಹೊರಟೆವು. ಅಜ್ಜಿ ವಿರಾಜಪೇಟೆಯ ಆಚೆ ಲೋಕ ನೋಡಿದವರಲ್ಲ. ತಿತಿಮತಿ ದಾಟುವಾಗ ರಸ್ತೆಯ ಪಕ್ಕದಲ್ಲಿ ಆನೆಯೊಂದು ದಿಮ್ಮಿ ಎಳೆಯುತ್ತಿತ್ತು. ಸೀತೆ ಅಜ್ಜಿಯ ಕೆನ್ನೆ ಹಿಡಿದು ಮುಖವನ್ನು ಆ ಕಡೆ ತಿರುಗಿಸಿದಳು. ಅಜ್ಜಿ ನೋಡಿದರು, ತಲೆಯಾಡಿಸಿದರು. ಇಬ್ಬರೂ ಕೈ ಕೈ ಹಿಡಿದುಕೊಂಡು ಹುಣಸೂರಿನವರೆಗೆ ಕೂತಿದ್ದರು.

ಶಾಲೆ ಒಂದು ಹಳೆಯ ಮನೆಯಲ್ಲಿತ್ತು. ನಡೆಸುತ್ತಿದ್ದವರು ಲಲಿತಮ್ಮ ಎಂಬವರು, ಒಳ್ಳೆಯವರು, ಶಿಸ್ತಿನವರು. ಮಗುವನ್ನು ಸೇರಿಸಿಕೊಂಡರು. ಅಜ್ಜಿ ಉಳಿಯಲು ಮಾತ್ರ ಜಾಗವಿಲ್ಲ, ಹಾಸ್ಟೆಲಿನಲ್ಲಿ ಪೋಷಕರನ್ನು ಇಟ್ಟುಕೊಳ್ಳುವ ಪದ್ಧತಿಯಿಲ್ಲ ಎಂದರು. ಬೆಳ್ಯಪ್ಪ ನನ್ನನ್ನು ನೋಡಿದ, ನಾನು ನೆಲ ನೋಡಿದೆ. ಅಜ್ಜಿ ವಾದ ಮಾಡಲಿಲ್ಲ. ಹಿತ್ತಲಿನ ಜಗಲಿಯಲ್ಲಿ ಅಡುಗೆಯಾಕೆ ಒಬ್ಬಳೇ ರಾಶಿ ಅವರೆಕಾಯಿ ಬಿಡಿಸುತ್ತಿದ್ದಳು. ಅಜ್ಜಿ ಹೋಗಿ ಅವಳ ಎದುರು ಕೂತು ತಾವೂ ಬಿಡಿಸತೊಡಗಿದರು. ಸೀತೆ ಅಜ್ಜಿಯ ಪಕ್ಕ ಕೂತಳು. ಸ್ವಲ್ಪ ಹೊತ್ತಿಗೆ ನಾಲ್ಕಾರು ಹುಡುಗಿಯರು ಹೊಸಬಳನ್ನು ನೋಡಲು ಬಂದು ಅವರೂ ಅವರೆಕಾಯಿಗೆ ಕೈ ಹಾಕಿದರು. ಬಿಡಿಸುತ್ತ ಬಿಡಿಸುತ್ತ ಕೈಯಲ್ಲೇ ಮಾತು. ಒಬ್ಬಳು ಏನೋ ಹೇಳಿದರೆ ಇನ್ನೊಬ್ಬಳು ಬಿದ್ದು ಬಿದ್ದು ನಗುತ್ತಿದ್ದಳು. ಸೀತೆ ಕಾಯಿ ಬಿಡಿಸುವುದನ್ನು ಮರೆತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕಣ್ಣು ಓಡಿಸುತ್ತಿದ್ದಳು. ಅಷ್ಟು ವರ್ಷ ನಾನು ಅವಳ ಮುಖದಲ್ಲಿ ಏನನ್ನು ಹುಡುಕಿದ್ದೆನೋ ಅದು ಆ ಹೊತ್ತು ತಾನಾಗಿ ಬಂದು ಕೂತಿತ್ತು.

ಸಂಜೆ ಲಲಿತಮ್ಮ ಬಂದು, ಅಡುಗೆಮನೆಗೆ ಇನ್ನೊಂದು ಕೈ ಬೇಕಾಗಿತ್ತು, ಇರಲಿ ಬಿಡಿ ಎಂದರು.

ಆಗಿನ ಪದ್ಧತಿ ಬೇರೆ ಇತ್ತು. ತರಗತಿಯಲ್ಲಿ ಮಕ್ಕಳು ಕೈಕಟ್ಟಿ ಕೂರಬೇಕು. ಕೈಗೆ ಸಲಿಗೆ ಕೊಟ್ಟರೆ ಬಾಯಿ ಮಾತು ಕಲಿಯುವುದಿಲ್ಲ ಎಂದು ಎಲ್ಲೆಡೆ ನಂಬಿದ್ದರು. ಲಲಿತಮ್ಮನವರೂ ಹಾಗೆಯೇ ನಂಬಿದ್ದರು. ಮಗುವಿನ ಕೈಯನ್ನು ತಮ್ಮ ಗಂಟಲಿಗೆ ಮುಟ್ಟಿಸಿ, ನಡುಕ ತಿಳಿಸಿ, ಒಂದೊಂದು ಅಕ್ಷರ ಹೊರಡಿಸುತ್ತಿದ್ದರು. ಅದೂ ಸಣ್ಣ ಕೆಲಸವಲ್ಲ. ಬೇಸಿಗೆ ರಜೆಯಲ್ಲಿ ಅವರ ತರಗತಿಯ ಹಿಂದೆ ಕೂತು ನಾನು ಅದನ್ನು ಕಲಿತೆ. ಈಗ ನೀವು ಎರಡನ್ನೂ ಕಲಿಸುತ್ತೀರಿ, ಕೈಮಾತನ್ನು ಭಾಷೆ ಎಂದೇ ಕರೆಯುತ್ತೀರಿ. ಆಗ ಅದು ಹಿತ್ತಲಿನ ಸೊತ್ತು. ಹಿತ್ತಲಿನಲ್ಲಿ ಚೆನ್ನಮ್ಮಜ್ಜಿ ಇದ್ದರು. ಪಾಠ ಹೇಳಿಸಿಕೊಳ್ಳುವ ಯೋಚನೆಯಿಲ್ಲದೆ, ಮಕ್ಕಳ ಜೊತೆ ತರಕಾರಿ ಹೆಚ್ಚುತ್ತ ಅವರು ಆ ಭಾಷೆಯನ್ನು ಕಲಿತುಬಿಟ್ಟರು.

ಸೀತೆ ಅಲ್ಲಿ ಓದು ಮುಗಿಸುವವರೆಗೂ ಅಜ್ಜಿ ಅಲ್ಲೇ ಇದ್ದರು. ರಜೆಗೆ ಇಬ್ಬರೂ ಊರಿಗೆ ಬಂದಾಗ ಬಸ್ಸಿನಿಂದ ಇಳಿದು ಗದ್ದೆಯ ಬದುವಿನ ಮೇಲೆ ಕೈಯಾಡಿಸುತ್ತ ಹೋಗುತ್ತಿದ್ದರು. ಅಜ್ಜಿಗೂ ಮಾತು ಹೋಯಿತು ಎಂದು ಕೆಲವರು ಮರುಗಿದರು. ಬೆಳ್ಯಪ್ಪ ಮೊದಲು ನಾಚಿದ, ಆಮೇಲೆ ತಾನೂ ಸ್ವಲ್ಪ ಕಲಿತ. ಸೀತೆ ಮೈಸೂರಿನಲ್ಲೇ ಹೊಲಿಗೆ ಕಲಿತಳು. ಅದೇ ಶಾಲೆಯಲ್ಲಿ ಓದಿ, ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹುಡುಗನನ್ನು ಮದುವೆಯಾದಳು. ಅವಳ ಮದುವೆ ನೋಡಿ ಅಜ್ಜಿ ಊರಿಗೆ ಮರಳಿದರು. ತಮ್ಮ ಮನೆಯಲ್ಲೇ, ಮಗನ ಕೈಯಲ್ಲಿ ನೀರು ಕುಡಿದು ಹೋದರು. ನನಗೂ ಬಡ್ತಿ, ವರ್ಗಾವಣೆ ಎಲ್ಲ ಆದವು. ಅವುಗಳನ್ನು ಬರೆಯುವಂಥದ್ದೇನೂ ಇಲ್ಲ.

ಈ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಿಗೆ ಬರುವುದು ಒಂದು ಮಧ್ಯಾಹ್ನ. ಸೀತೆ ಸೇರಿದ ಮುಂದಿನ ವರ್ಷ ನಾನು ಮೈಸೂರಿಗೆ ಹೋಗಿದ್ದೆ. ಊಟದ ಹೊತ್ತು. ಮಕ್ಕಳು ಸಾಲಾಗಿ ಕೂತಿದ್ದರು. ಅಜ್ಜಿ ಒಂದು ಕೈಯಲ್ಲಿ ಸಾರಿನ ಪಾತ್ರೆ, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ಬಡಿಸುತ್ತ ಬರುತ್ತಿದ್ದರು. ಸೀತೆಯ ಎಲೆಯ ಹತ್ತಿರ ಬಂದಾಗ ಅವಳು ತಲೆ ಎತ್ತಿ ಕೈಯಲ್ಲಿ ಏನೋ ಕೇಳಿದಳು. ಅಜ್ಜಿಯ ಎರಡು ಕೈಯೂ ತುಂಬಿದ್ದವು. ತಲೆಯಾಡಿಸಿ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಬಗ್ಗಿ ಪಾತ್ರೆಯನ್ನು ನೆಲದ ಮೇಲೆ ಇಟ್ಟರು, ಸೌಟನ್ನು ಅದರೊಳಗೆ ಬಿಟ್ಟರು, ಸೆರಗಿಗೆ ಕೈ ಒರೆಸಿಕೊಂಡು, ನಿಧಾನವಾಗಿ ಉತ್ತರ ಹೇಳಿದರು. ಸೀತೆ ಇನ್ನೊಂದು ಮಾತು ಕೇಳಿದಳು. ಅದಕ್ಕೂ ಹೇಳಿದರು. ಸಾಲಿನಲ್ಲಿದ್ದ ಮಕ್ಕಳು ಅನ್ನ ಮುಂದಿಟ್ಟುಕೊಂಡು ಕಾದರು. ಬಾಗಿಲಲ್ಲಿ ನಿಂತಿದ್ದ ಲಲಿತಮ್ಮನವರೂ ಕಾದರು.

ಆಮೇಲೆ ಅಜ್ಜಿಯನ್ನು ಕೇಳಿದೆ, ಅಷ್ಟು ಹೊತ್ತು ಏನು ಮಾತಾಡಿದಿರಿ ಎಂದು.

"ಎಂತ ಇಲ್ಲೆ ಟೀಚರೆ," ಎಂದರು. "ಊರ್ಲಿ ಕಿತ್ಳೆ ಹಣ್ಣ್ ಆಗುಟ್ಟಾ ಅಂತ ಕೇಳ್ತ್. ಆಗುಟ್ಟು ಅಂತ ಹೇಳ್ದೆ."